ಡಬ್ಬಿ

ಸೊಲ್ಲಾಪುರ, ಶುಕ್ರವಾರ, ಚರ್ಚಿನ ಹಿಂದಿನ ಕೋಣಿ.
ಪಾಳಿ ಹಚ್ಚಿದವರೆಲ್ಲ ಬೀಡಿ ಕಟ್ಟೋ ಕೈಯವರು,
ತೂಬರಿ ಎಲಿ ವಾಸನಿ ಸೆರಗಿನಾಗ ಹಂಗೇ ಬಂದಿತ್ತು.

ದವಾಖಾನಿಗೆ ಎರಡು ರಿಕ್ಷಾ ಬದಲಿಸಬೇಕು,
ಹೋದ ದಿನ ಸಾವಿರ ಬೀಡಿ ಹೋದಂಗ.

"ಅಲ್ಲಿ ಹೋದ್ರ ಹೆಸರ ಬದಲಿಸ್ತಾರ" ಅಂದಿದ್ಲು ನಾದಿನಿ.
ಸುಲೋಚನಾ ಸಿಸ್ಟರ್ ಹೆಸರು ಕೇಳಿ
ಇದ್ದದ್ದನ್ನ ಬರಕೊಂಡ್ಲು: ಕಮಳಾಬಾಯಿ ಹತೂರೆ.
"ತಕಾರಕ್ಕ ಒತ್ತು ಹಚ್ಚರಿ" ಅಂದೆ.
ಹಚ್ಚಿದ್ಲು.

"ಪ್ರಾರ್ಥನಿ ಮಾಡಬೇಕೇನ್ರಿ?"
"ಬ್ಯಾಡವ್ವ, ಕೆಮ್ಮು.
ಎದಿಯೊಳಗಿಂದ. ಗಂಟಲಿಂದು ಸಾಲಂಗಿಲ್ಲ."

ಸೇಠನ ಮುಂದ ನುಂಗಿದ್ದು,
ಅತ್ತಿ ಮುಂದ ಸೆರಗಿನಾಗ ಒತ್ತಿ ಹಿಡದಿದ್ದು,
ಅಂಗಳದ ಬೇವಿನ ಕೆಳಗ ಒಬ್ಬಾಕಿನೇ ನಿಂತು
ಪ್ಲಾಸ್ಟಿಕ್ ಡಬ್ಬಿಗೆ ಹಾಕಿದೆ.
ಸಪ್ಪಳಕ್ಕ ಗಂಟಿಗೋಪುರದ ಪಾರಿವಾಳ ಎದ್ದುವು.

ಬುಧವಾರ ಬಂದು ಸಿಸ್ಟರ್ ಹೊಸ್ತಿಲದಾಗ ಕೂತ್ಲು.
"ಅದ" ಅಂದ್ಲು. "ಹೋಗತದ" ಅಂತನೂ ಅಂದ್ಲು.
ಆರು ತಿಂಗಳ ಗುಳಿಗಿ.

ನನಗ ಎಣಿಕಿ ಗೊತ್ತು,
ಇಪ್ಪತ್ತೈದಕ್ಕೊಂದು ಕಟ್ಟು.
ಮೊದಲನೇ ಕಟ್ಟು ಮುಗಿದ ರಾತ್ರಿ
ನಾದಿನಿ ಕದ ಅರ್ಧ ತೆಗೆದು,
ಒಳಗ ಬರಲಿಲ್ಲ,
ಕೆಮ್ಮು ತಡಕೊಂಡು ಕೇಳಿದ್ಲು:
"ಆ ಡಬ್ಬಿ ಇನ್ನೊಂದು ಸಿಗತದೇನ?"