ಹೂಂ

ಇಲಾಖೆಯ ಜೀಪು, ಒಂದು ಮರದ ಪೆಟ್ಟಿಗೆ,
ಪೆಟ್ಟಿಗೆಯಲ್ಲಿ ಮಖಮಲ್ಲಿನ ಗುಳಿಯೊಳಗೆ ಮಲಗಿದ
ಹಿತ್ತಾಳೆಯ ತೂಕದ ಬಟ್ಟುಗಳು.
ಅವು ಸರ್ಕಾರದ ಸತ್ಯ. ಬರಿಗೈಲಿ ಮುಟ್ಟುವಂತಿಲ್ಲ.

ರಿಪ್ಪನ್‌ಪೇಟೆ ಸಂತೆಯಲ್ಲಿ
ಒಣಮೀನಿನ ಚೌಡಮ್ಮನ ಒಂದು ಕೆ.ಜಿ. ಬಟ್ಟು
ಮೂವತ್ತು ಗ್ರಾಂ ಕಮ್ಮಿ ತೂಗಿತು.
ಕಳ್ಳರನ್ನು ಹಿಡಿಯುವವನ ಮುಖ ಮಾಡಿದೆ.
"ಅರ ಹಾಕಿಲ್ಲ ಸ್ವಾಮಿ," ಅಂದಳು,
"ಹದಿನಾಲ್ಕು ವರ್ಷ. ಎತ್ತೋದು, ಇಡೋದು.
ಎತ್ತೋದು, ಇಡೋದು. ಅಷ್ಟೇಯ."

ಮಗುಚಿ ನೋಡಿದೆ. ತಳದ ಸೀಸದಲ್ಲಿ
ಒಂದರ ಮೇಲೊಂದು ಇಲಾಖೆಯ ಮುದ್ರೆ,
ಕೊನೆಯ ಆರು ನನ್ನವೇ.
ಗುರುತಿನ ಹೆಂಗಸು, ಹೋದ ಸಲ ಸರಿಯಿತ್ತು,
ಊಟದ ಹೊತ್ತು ಬೇರೆ.
ತೂಗದೆ ಒತ್ತಿದ್ದೆ.

ಸೀಸ ಕಾಯಿಸಿ ಹೊಯ್ದು, ಸವೆದಷ್ಟನ್ನು ತುಂಬಿ,
ಈ ವರ್ಷದ ಅಂಕಿ ಒತ್ತಿ ಕೊಟ್ಟೆ.
ದಂಡ ಬರೆಯಲಿಲ್ಲ. ಯಾರ ಹೆಸರಿಗೆ ಬರೆಯಲಿ?

ವಾಪಸ್ ಬರುವಾಗ, ಆಯನೂರು ದಾಟಿದ ಮೇಲೆ,
ಹೋದ ವಾರದ ಬೂದಿ ಬುಧವಾರ ನೆನಪಾಯಿತು.
ಫಾದರ್ ಹಣೆಗಿಟ್ಟ ಶಿಲುಬೆಯನ್ನು
ಗೋಪಿ ಸರ್ಕಲ್ ಬರುವುದರೊಳಗೆ ಕರ್ಚೀಫಿಗೆ ಒರೆಸಿದ್ದೆ.
ಡ್ಯೂಟಿ ಇತ್ತು. ಜನ ಏನದು ಅಂತ ಕೇಳುತ್ತಾರೆ.
ಮೇಲಾಗಿ ಅದು ಐವತ್ತೊಂದನೇ ಬೂದಿ,
ನನಗೂ ಹಣೆಗೂ ರೂಢಿ.

ರಾತ್ರಿ ಎಂಟಕ್ಕೆ ಜಪಸರ.
ಇಪ್ಪತ್ತಾರು ವರ್ಷದಿಂದ ಅದೇ ಜಾಗ:
ಕಿಟಕಿ ಕಡೆ ಅಪೊಲೀನ್, ಅವಳ ಎಡಕ್ಕೆ ನಾನು.
ಐದು ರಹಸ್ಯ, ಹದಿನಾಲ್ಕು ನಿಮಿಷ,
ಕುಕ್ಕರಿನ ಮೂರನೇ ಸೀಟಿಗೂ ನಮ್ಮ ಆಮೆನ್‌ಗೂ
ಯಾವತ್ತಿನಿಂದಲೋ ಒಪ್ಪಂದ.

ಆ ರಾತ್ರಿ ಮಾತ್ರ
ತೂಗುವ ಕಣ್ಣನ್ನು ಇನ್ನೂ ಪೆಟ್ಟಿಗೆಗೆ ಹಾಕಿರಲಿಲ್ಲವೇನೋ.
ಮೂರನೇ ರಹಸ್ಯದ ನಡುವೆ ಉಸಿರಿಗೆಂದು ನಿಂತೆ.
ಅವಳು ಕಾಯಲಿಲ್ಲ.
ನನ್ನ ಪಾಲು ಮುಗಿಯಿತೆಂದು ತನ್ನ ಪಾಲು ಹಿಡಿದಳು,
ಮಣಿಯ ಅಂದಾಜಿನ ಮೇಲೆ,
ನನ್ನ ದನಿಯ ಮೇಲಲ್ಲ.

ಹೆಸರು ಹಿಡಿದು ಕರೆದೆ. ತಿರುಗಲಿಲ್ಲ.
ಭುಜ ಮುಟ್ಟಿದೆ.
"ಆ ಕಿವಿ ಕೇಳಲ್ಲ," ಅಂದಳು,
ಉಪ್ಪು ಮುಗಿದಿದೆ ಅನ್ನುವ ಹಾಗೆ.
ಯಾವಾಗಿಂದ?
"ಕ್ರಿಸ್‌ಮಸ್‌ಗೆ ಮುಂಚಿನಿಂದ. ನೆವ್ರಿ ಕರಿಯುವಾಗ ಹೇಳಿದೆನಲ್ಲ.
ಹೂಂ ಅಂದಿರಿ."

ಹೂಂ.
ಅಕ್ಕನ ಫೋನ್ ಬಂದಿತ್ತು ಅಂದರೆ ಹೂಂ,
ಈ ಸೀರೆ ಹಳತಾಯ್ತಲ್ಲ ಅಂದರೆ ಹೂಂ,
ರಾತ್ರಿ ನಿದ್ದೆ ಬರಲ್ಲ ಅಂದರೂ
ಪೇಪರಿನ ಹಿಂದಿನಿಂದ ಒಂದು ಹೂಂ.
ಮನೆಯಲ್ಲಿ ಜಗಳವಿಲ್ಲ, ಎದುರುತ್ತರವಿಲ್ಲ,
ಎಂಥ ಸಮಾಧಾನ ಕೊಟ್ಟೆಯಪ್ಪ ಎಂದು
ಹೊಸ ವರ್ಷದ ಪೂಜೆಯಲ್ಲಿ
ಕಾಣಿಕೆ ಚೀಲಕ್ಕೆ ಐನೂರು ಹಾಕಿ ಬಂದಿದ್ದೆ.
ಆತನೂ ಏನಾದರೂ ಹೇಳಿದ್ದನೋ ಏನೋ ಆಗ,
ನಾನು ಮೊಣಕಾಲೂರಿಯೇ
ಹೂಂ ಅಂದಿದ್ದೆನೋ.

ಮರುದಿನ ರಜೆ ಬರೆದು ಮೆಗ್ಗಾನ್‌ಗೆ ಕರೆದೊಯ್ದೆ.
ಚೀಟಿಯ ಸಾಲಿನಲ್ಲಿ ಎರಡು ಗಂಟೆ,
ಅವಳ ಬಲಕ್ಕೆ ನಿಂತು.
ಡಾಕ್ಟರ್ ಹುಡುಗಿ ಹೇಳಿದಳು:
ಸ್ವಲ್ಪ ವಾಪಸ್ ಬರಬಹುದು, ಬರದೆಯೂ ಇರಬಹುದು,
ಮೊದಲೇ ಬರಬೇಕಿತ್ತು.
ಅಪೊಲೀನ್ ನನ್ನ ಕಡೆ ನೋಡಲಿಲ್ಲ.
ಅದು ಅವಳ ದೊಡ್ಡತನವೋ,
ನೋಡಿ ನೋಡಿ ಬಿಟ್ಟದ್ದೋ,
ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಸಂಜೆ ನನ್ನ ಚಾಪೆಯನ್ನು ಕಿಟಕಿ ಕಡೆಗೆ ಎಳೆದು ಹಾಸಿದೆ.
ಪರಲೋಕ ಮಂತ್ರ, ನಿಧಾನವಾಗಿ,
ಒಂದೊಂದು ಮಾತನ್ನೂ ಎತ್ತಿ, ನೋಡಿ, ಇಟ್ಟು.
ರೊಟ್ಟಿ ಕೇಳಿ ಆದಮೇಲೆ, ಕ್ಷಮೆ ಕೇಳುವ ಮುಂಚೆ
ನಿಂತುಹೋಯಿತು.
ಓಡುವಾಗ ಬಾಯಿಗೆ ಗೊತ್ತಿದ್ದದ್ದು
ನಡೆಯುವಾಗ ಗೊತ್ತಿಲ್ಲ.
ಮುಂದಿನ ಸಾಲು ಸಿಗಲೇ ಇಲ್ಲ.

ಅವಳು ಹೇಳಿಕೊಡಲಿಲ್ಲ.
ಕೇಳುವ ಕಿವಿಯನ್ನು ನನ್ನ ಕಡೆ ವಾಲಿಸಿ
ಮಣಿಯನ್ನು ಬೆರಳಲ್ಲೇ ಹಿಡಿದುಕೊಂಡು ಕೂತಳು.
ಕುಕ್ಕರ್ ಮೂರನೇ ಸೀಟಿ ಹಾಕಿತು,
ನಾಲ್ಕನೆಯದೂ ಹಾಕಿತು.
ಇಬ್ಬರೂ ಏಳಲಿಲ್ಲ.