ಚೀಲಕ್ಕೆ ಎರಡು

ಪುಸ್ತಕದಲ್ಲಿ ಇದ್ದದ್ದು ಸಕ್ಕರೆ.
ತರಬೇತಿಯಲ್ಲಿ ಹೇಳಿದ್ದರು: ಮಗುವಿನ ಪರಿಸರದಿಂದಲೇ
ಪ್ರಶ್ನೆ ಹುಟ್ಟಬೇಕು, ಮೇಷ್ಟ್ರೇ.
(ಮಧ್ಯಾಹ್ನ ಪಲಾವ್ ಇತ್ತು, ಅದಕ್ಕೇ ನೆನಪಿದೆ.)
ಹಾಗಾಗಿ ಸಕ್ಕರೆ ಹೊಡೆದು ಕಾಫಿ ಹಣ್ಣು ಅಂತ ಬರೆದೆ:
ಒಂದು ಚೀಲದಲ್ಲಿ ಐವತ್ತು ಕಿಲೋ,
ಆರು ಚೀಲದಲ್ಲಿ ಎಷ್ಟು?
ಅಂಕ ಎರಡು.

ಮಾಲ್ದಾರೆ ಕಡೆಯ ಶಾಲೆ ನಮ್ಮದು.
ನಾಲ್ಕನೇ ಕ್ಲಾಸಿಗೆ ಹನ್ನೊಂದು ಮಕ್ಕಳು,
ಜನವರಿ ಬಂತೆಂದರೆ ಐದು.
ಉಳಿದವರು ರೊಬಸ್ಟಾ ಗಿಡದ ಬುಡದಲ್ಲಿ
ಉದುರಿದ್ದು ಹೆಕ್ಕುತ್ತಾ.
ಅವರ ಹೆಸರಿನ ಮುಂದೆ ಚುಕ್ಕಿ ಇಡುತ್ತೇನೆ,
ಪೆನ್ಸಿಲಿನಲ್ಲಿ.

ಪರೀಕ್ಷೆಯ ದಿನ ಮೊಟ್ಟೆ ಇತ್ತು, ಎಲ್ಲರೂ ಬಂದರು.
ಹತ್ತು ಮಂದಿ ಮುನ್ನೂರು ಬರೆದರು.
ಪಿ.ಕೆ. ಬೊಳ್ಳಿ ಬರೆದಳು: ಇನ್ನೂರ ಎಂಬತ್ತೆಂಟು.
ಕೆಳಗೆ ಎರಡೆರಡು ಗೆರೆ,
ಸಂಶಯವೇ ಇಲ್ಲದವಳ ಹಾಗೆ.

ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿದೆ.
ಮಗ್ಗಿ ಹೇಳು ಎಂದೆ, ಹೇಳಿದಳು, ಎಲ್ಲೂ ಎಡವಲಿಲ್ಲ.
ಮತ್ತೆ ಇದೇನಮ್ಮ?
ಕಾಲ ಹೆಬ್ಬೆರಳು ನೋಡುತ್ತಾ ನಿಂತಳು.
ಹಿಂದಿನಿಂದ ದೇವು, ಕಿವಿ ಸೋರುವ ಹುಡುಗ, ಅಂದ:
"ಸಾರ್, ಚೀಲಕ್ಕೆ ಎರಡು ಹೋಗ್ತದಲ್ಲ."
ಎಲ್ಲಿಗೋ ಹೋಗ್ತದೆ?
ಇಡೀ ಕ್ಲಾಸು ತಿರುಗಿ ನನ್ನ ನೋಡಿತು,
ಇಷ್ಟೂ ಗೊತ್ತಿಲ್ಲದವನು ಕುರ್ಚಿಯಲ್ಲಿ ಕೂತಿದ್ದಾನಲ್ಲ ಅಂತ.

ಶನಿವಾರ ಸಂಜೆ ಕಣಕ್ಕೆ ಹೋದೆ.
ಕೊಕ್ಕೆಗೆ ಚೀಲ ಏರಿತು,
ಮುಳ್ಳು ಐವತ್ತರಲ್ಲಿ ನಡುಗಿ ನಿಂತಿತು.
"ನಲವತ್ತೆಂಟು," ರೈಟರ್ ಕೂಗಿ ಬರೆದುಕೊಂಡರು.
ತೇವ, ಎಲೆ, ಕಡ್ಡಿ, ಗೋಣಿಯದ್ದೇ ಭಾರ,
ಎಲ್ಲಕ್ಕೂ ಸೇರಿ ಎರಡು.
ಸಾಲಿನಲ್ಲಿದ್ದ ಯಾರೂ ಏನೂ ಅನ್ನಲಿಲ್ಲ.
"ಮೇಷ್ಟ್ರೇ, ಒಂದು ಲೋಟ ಕಾಫಿ?" ಅಂದರು ರೈಟರ್.
ಕುಡಿದೆ.

ಬೊಳ್ಳಿಯ ಅವ್ವ ಚೀಟಿ ಇಸಿದುಕೊಂಡು
ಮಗಳ ಮುಖದ ಮಟ್ಟಕ್ಕೆ ಇಳಿಸಿ ಹಿಡಿದಳು.
ತುಟಿ ಅಲ್ಲಾಡಿತು, ಲಂಗದ ಮರೆಯಲ್ಲಿ ಬೆರಳು ಮಡಚಿದವು.
"ಎರಡೇ," ಎಂದಳು ಬೊಳ್ಳಿ.
ಮೂರಲ್ಲ, ಎರಡೇ.
ಚೀಟಿ ಅವ್ವನ ಸೊಂಟ ಸೇರಿತು.
ಆಗ ಹೊಳೆಯಿತು ನನಗೆ, ಅವಳನ್ನು ಕರೆತಂದದ್ದು ಯಾಕೆಂದು.
ಕಳೆಯುವುದನ್ನು ನಿಲ್ಲಿಸಲು ಅಲ್ಲ,
ಕಳೆದದ್ದು ಸರಿಯಾಗಿದೆಯೇ ನೋಡಲು.

ಆ ಲೆಕ್ಕಕ್ಕೆ ಪೂರ್ತಿ ಅಂಕ ಕೊಡಲೇ ಅಂತ
ಸಿ.ಆರ್.ಪಿ. ಮೇಡಂಗೆ ಫೋನು ಮಾಡಿದೆ.
ಒಳ್ಳೆಯ ಹೆಂಗಸು, ಪೂರ್ತಿ ಕೇಳಿಸಿಕೊಂಡರು.
"ಕೊಡಬಹುದು ಸರ್, ಆದರೆ ಕೀ ಉತ್ತರ ಮುನ್ನೂರು.
ಬೇರೆ ಹಾಕಿದರೆ ವಿವರಣೆ ಕೇಳ್ತಾರೆ. ಬರೀತೀರಾ?"
ಬರೆಯಬಹುದಿತ್ತು.
ಸೊನ್ನೆ ಹಾಕಿ, ಷರಾ ಕಾಲಮ್ಮಿನಲ್ಲಿ
'ಗುಣಾಕಾರದಲ್ಲಿ ನೆರವು ಬೇಕು' ಎಂದು ತುಂಬಿದೆ.
ಅಕ್ಷರ ಮುದ್ದಾಗಿ ಬಂತು.

ಮಾರ್ಚಿನಲ್ಲಿ ಹೂಮಳೆ ಬಿತ್ತು.
ತೋಟ ಬೆಳ್ಳಗಾದ ವಾರ, ಕಿಟಕಿ ಮುಚ್ಚಿದರೂ
ಒಳಗೆಲ್ಲ ಆ ವಾಸನೆ, ತಲೆ ಹಿಡಿಯುವಷ್ಟು.
ವಾರ್ಷಿಕ ಪರೀಕ್ಷೆಗೆ ಅದೇ ಪ್ರಶ್ನೆ ಮತ್ತೆ ಇಟ್ಟೆ.
ಏಳು ಚೀಲ, ಈ ಸಲ.
ಬೇಕೆಂದೇ ಇಟ್ಟದ್ದು; ಅವಳಿಗೊಂದು ಬಾಗಿಲು ಅಂದುಕೊಂಡು.

ಹನ್ನೊಂದು ಹಾಳೆ, ಹನ್ನೊಂದರಲ್ಲೂ ಮುನ್ನೂರ ಐವತ್ತು.

ಬೊಳ್ಳಿಯ ಹಾಳೆಯಲ್ಲಿ ಆ ಜಾಗ ಸವೆದಿತ್ತು,
ಉಗುಳು ಹಚ್ಚಿ ಉಜ್ಜಿದ ಗುರುತು.
ಕಿಟಕಿಯ ಬೆಳಕಿಗೆ ಎತ್ತಿ ಹಿಡಿದೆ:
ಮುನ್ನೂರ ಮೂವತ್ತಾರು, ಮಸುಕು ಮಸುಕಾಗಿ,
ಅದರ ಮೇಲೆ ನಮ್ಮ ಉತ್ತರ.
ಉಳಿದ ಹತ್ತು ಮಂದಿ ಯಾವಾಗ ಕಲಿತರೋ ಇದನ್ನು,
ನಾನೇ ಕಲಿಸಿದೆನೋ, ಗೊತ್ತಾಗಲಿಲ್ಲ.

ಬೆಲ್ಲಾದ ಮೇಲೆ ಬಾಗಿಲಲ್ಲಿ ನಿಂತು ಕೇಳಿದಳು,
ಬೂದು ಬ್ಯಾಗು ಒಂದೇ ಭುಜಕ್ಕೆ:
"ಸಾರ್, ಇಲ್ಲಿ ಕಳೀಬಾರ್ದು ಅಲ್ವಾ?"

ಹೂಂ ಅಂದೆ.
ಎರಡಕ್ಕೆ ಎರಡು ಹಾಕಿದೆ.