ಹನ್ನೊಂದು ಕೆಜಿ ಮುಕ್

ಬಾಲ್ ಪೆನ್ನು ಬಿಡಿ ಅಂದಳು ದವಾಖಾನೆಯ ನರ್ಸು,
ಒತ್ತಿ ಒತ್ತಿ ಬರೆದೇ ಈ ಮಣಿಕಟ್ಟು ಊದಿದ್ದು.
ಹೈಫಾಂಗಿನ ಮೀನುಕಟ್ಟೆಯಲ್ಲಿ ಹದಿನಾರು ವರ್ಷ,
ಬೆಳಗಿನ ಜಾವ ಮೂರಕ್ಕೆ ತಕ್ಕಡಿಯ ಪಕ್ಕ ನಿಂತು
ಚೀಟಿಯಲ್ಲಿ ಗೀಚಿದ್ದನ್ನು
ಒಂಬತ್ತಕ್ಕೆ ಕೈ ಒರೆಸಿಕೊಂಡು, ಮಹಡಿಯಲ್ಲಿ ಕೂತು
ಖಾತೆಪುಸ್ತಕಕ್ಕೆ ಇಳಿಸುವವಳು ನಾನು.
ದಿನಕ್ಕೆ ನಲವತ್ತು ಸಾಲು.
ಟೆಟ್ ಹಬ್ಬ ಹತ್ತಿರ ಬಂದರೆ ಎಂಬತ್ತು.

ಲಾಮ್ ಅಜ್ಜನ ಅಂಗಡಿ ಶಾಲೆಯ ಗೇಟಿನೆದುರು.
ಒಂದನೇ ಕ್ಲಾಸಿನವರಿಗೆ ಅಕ್ಷರ ತಿದ್ದಿಸುವ ಪೆನ್ನುಗಳು
ಗಾಜಿನ ಕೆಳಗೆ ಬಂಗಡೆಯ ಹಾಗೆ ಸಾಲಾಗಿ ಮಲಗಿವೆ.
ಬಂಗಡೆಯಾದರೆ ಕಿವಿರು ಎತ್ತಿ ನೋಡಿ ಹೇಳಿಬಿಡುತ್ತೇನೆ
ಇವತ್ತಿನದೋ, ನಿನ್ನೆಯದೋ.
ಪೆನ್ನಿಗೆ ಕಿವಿರೆಲ್ಲಿ?

"ಇದೆ," ಅಂದ ಅಜ್ಜ. ನಿಬ್ಬನ್ನು ಮಗುಚಿ
ಅಡಿಯ ಕರಿ ನಾಲಿಗೆ ತೋರಿಸಿದ, ಪದರ ಪದರ.
"ಉಸಿರಾಡುವುದು ಇಲ್ಲಿಂದ."

ಚಿನ್ನದ ಬಣ್ಣದ್ದು ಮೂರು ಲಕ್ಷ ಡಾಂಗ್. ಕೈಗೆ ಕೊಟ್ಟ,
ಕೊಟ್ಟ ಕೈಯಲ್ಲೇ ಇಸಕೊಂಡ:
"ನಿಂಗೆ ಬೇಡ. ಕಳೆದರೆ ಅಳುತ್ತೀ.
ಅಳುವಷ್ಟು ಬೆಲೆಯದ್ದನ್ನು ಮೀನುಕಟ್ಟೆಗೆ ಒಯ್ಯಬಾರದು."
ಉಕ್ಕಿನದು ಭಾರ; ಮುಚ್ಚಳ ಹಿಂದೆ ಸಿಕ್ಕಿಸಿದರೆ
ಬೆನ್ನ ಮೇಲೆ ವಾಲುವ ಕುಡುಕ.
ದಪ್ಪ ನಿಬ್ಬಿನದು ಬೆಣ್ಣೆ, ಒಪ್ಪಿದೆ. ಆದರೆ
ನಮ್ಮ ಅಕ್ಷರಕ್ಕೆ ಟೋಪಿ, ಕೊಕ್ಕೆ, ಕಾಲಡಿಗೊಂದು ಚುಕ್ಕೆ,
ಮಸಿ ತುಂಬಿಕೊಂಡರೆ
ಕುದುರೆ ಗೋರಿಯಾಗುತ್ತದೆ, ಗೋರಿ ಭತ್ತದ ಸಸಿಯಾಗುತ್ತದೆ,
ಸಾಲಗಾರ ಬಚಾವಾಗುತ್ತಾನೆ.

ಕೊನೆಗೊಂದು ಪ್ಲಾಸ್ಟಿಕ್ಕಿನದು. ಮೂವತ್ತೆಂಟು ಸಾವಿರ,
ಅಂದರೆ ಒಂದು ಬಟ್ಟಲು ಏಡಿ ಶಾವಿಗೆ.
ಮುಚ್ಚಳದ ಮೇಲೆ ಮೊಲ.
ಮೊಲ ಇಲ್ಲದ್ದು?
"ಅದಕ್ಕೆ ಎಂಟು ಸಾವಿರ ಹೆಚ್ಚು."
ಇದು ಯಾವೂರ ನ್ಯಾಯ ಅಂತ ಕೇಳಲಿಲ್ಲ.
ತಲೆ ತೆಗೆದ ಸಿಗಡಿಗೆ ನಾನೂ ಹೆಚ್ಚು ಹಾಕುವವಳೇ.

"ಬರೆದು ನೋಡು."
ಪರೀಕ್ಷೆಯ ಹಾಳೆಯ ತುಂಬ ಯಾರು ಯಾರದೋ ಸಹಿ,
ಸುರುಳಿ, ಎಂಟರ ಮೇಲೆ ಎಂಟು,
ಮಗುವಿನ ಹೆಸರು ತಾಯಿಯ ಕೈಯಲ್ಲಿ,
ಪೂರ್ತಿ ಹೆಸರು, ಜೋಪಾನವಾಗಿ,
ಸಂಜೆಗೆ ಹಾಳೆ ಬುಟ್ಟಿಗೆ ಬೀಳುವುದು ಗೊತ್ತಿದ್ದೂ.
ನನಗೇನೂ ತೋಚಲಿಲ್ಲ. ಕೈಗೆ ತೋಚಿತು:
ಮುಕ್, ಹನ್ನೊಂದು ಕೆಜಿ.

ಅಜ್ಜ ಕೆಮ್ಮು ಬರುವವರೆಗೆ ನಕ್ಕ.
"ಹನ್ನೊಂದು ಕೆಜಿ ಮಸಿಯೇ ತಾಯಿ!
ಒಂದೇ ಗಿರಾಕಿಗೆ ಅಷ್ಟು ಮಾರಿದವನಲ್ಲ ನಾನು."

ನಮ್ಮಲ್ಲಿ ಎರಡಕ್ಕೂ ಒಂದೇ ಮಾತು,
ಬರೆಯುವ ಮಸಿಗೂ
ಮಸಿ ಕಾರಿ ಓಡುವ ಬೊಂಡಾಸಕ್ಕೂ.
ಹದಿನಾರು ವರ್ಷ ಬರೆದಿದ್ದೇನೆ ಆ ಮಾತನ್ನು,
ಒಮ್ಮೆಯೂ ಕಿವಿಗೆ ಬಿದ್ದಿರಲಿಲ್ಲ.
ದಿನಾ ಮುಖಕ್ಕೆ ಹಾರುತ್ತಿತ್ತಲ್ಲ,
ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಕೂತಿರುತ್ತಿತ್ತಲ್ಲ.

ನೇರಳೆ ಮಸಿ ಮಕ್ಕಳದು, ನೀರು ಬಿದ್ದರೆ ಹೋಗುತ್ತದೆ,
ಲೆಕ್ಕಕ್ಕೆ ಕಪ್ಪು ಒಯ್ಯಿ ಅಂದ. ಕಪ್ಪೇ ಒಯ್ದೆ.
ನೇರಳೆಯ ಕಡೆ ಒಮ್ಮೆ ನೋಡಿದ್ದು ನಿಜ.

ಒತ್ತಬೇಡ, ಎಳೆ, ಅಂತಲೂ ಹೇಳಿದ್ದ.
ಸಿಟ್ಟಿಲ್ಲದೆ ಜಗಳವಾಡು ಎಂದ ಹಾಗಾಯಿತು;
ಮೊದಲ ಹತ್ತು ಸಾಲು ಆಗಲೇ ಇಲ್ಲ.
ಆಮೇಲೆ ಯಾವಾಗಲೋ ಮಣಿಕಟ್ಟು ತಾನೇ ಸಡಿಲಿತು,
ಗಮನಿಸಿದಾಗ ಪುಟ ಮುಗಿದಿತ್ತು.

ನ್ಯಾನ್ ಮೊಲವನ್ನು ಕಂಡು ಕಟ್ಟೆಯಿಡೀ ಡಂಗುರ ಸಾರಿದಳು.
ಸಹಿಗೆ ಬರುವ ದೋಣಿಯವರು
"ಒಂದನೇ ಕ್ಲಾಸಮ್ಮ, ಪೆನ್ನು ಕೊಡಿ" ಅನ್ನುತ್ತಾರೆ.
ಕೊಡುವುದಿಲ್ಲ. ಹಗ್ಗ ಎಳೆಯುವ ಕೈ, ಒಂದೇ ಒತ್ತಿಗೆ ಸೀಳುತ್ತದೆ.
ಹಳೆಯ ಬಾಲ್ ಪೆನ್ನು ದಾರ ಕಟ್ಟಿ ಇಟ್ಟಿದ್ದೇನೆ ಅವರಿಗೆ.

ಮೊದಲ ದಿನದ ಕೊನೆಯ ಸಾಲು, ಖರ್ಚಿನ ಕಡೆ:
ಪೆನ್ನು ಒಂದು, ಮೂವತ್ತೆಂಟು ಸಾವಿರ.
ಬರೆದೆ. ಧಣಿಯ ದುಡ್ಡು.
ಸ್ವಲ್ಪ ಹೊತ್ತು ನೋಡಿದೆ.
ಹೊಡೆದುಹಾಕಿದೆ.
ಆ ಗೆರೆ ಎಷ್ಟು ನುಣ್ಣಗೆ ಬಂತು ಅಂತೀರಿ.